ವಿಕಾಸ ಎಂದರೆ ಏಳಿಗೆಯಲ್ಲ

ಮಾನ್ಯರೇ,

ಪತ್ರಿಕೆಯಲ್ಲಿ ಜೀವವಿಕಾಸದ ಲೇಖನ ಬಂದಾಗಲೆಲ್ಲ ಪಕ್ಕದಲ್ಲಿ ಅದೇ ಹಳೆಯ ಚಿತ್ರ ಇರುತ್ತದೆ. ಬಾಗಿದ ವಾನರ ಹೆಜ್ಜೆಹೆಜ್ಜೆಗೂ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಾ ಕೊನೆಗೆ ಮನುಷ್ಯನಾಗಿ ನಿಲ್ಲುತ್ತದೆ. ಇದಕ್ಕೆ ಚಿತ್ರಕಾರರನ್ನಷ್ಟೇ ದೂರುವಂತಿಲ್ಲ, ಪದದ್ದೂ ಅರ್ಧ ತಪ್ಪಿದೆ.

ಸಂಸ್ಕೃತದ ‘ವಿಕಾಸ’ ಎಂದರೆ ಅರಳುವುದು. ಹೂವು ಮೊಗ್ಗಿನೊಳಗೆ ಮೊದಲೇ ಇರುತ್ತದೆ, ಬಿರಿಯುವುದಷ್ಟೇ ಬಾಕಿ. ಇಂಗ್ಲಿಷಿನ ‘ಎವಲ್ಯೂಷನ್’ ಕೂಡ ಲ್ಯಾಟಿನ್‌ನಲ್ಲಿ ಸುರುಳಿ ಸುತ್ತಿದ ಹಸ್ತಪ್ರತಿಯನ್ನು ಬಿಚ್ಚುವುದಕ್ಕೆ ಇದ್ದ ಮಾತು. 18ನೇ ಶತಮಾನದಲ್ಲಿ ಜಿನೀವಾದ ಜೀವವಿಜ್ಞಾನಿ ಷಾರ್ಲ್ ಬೊನೆ ಅದನ್ನು ಭ್ರೂಣಕ್ಕೆ ಅನ್ವಯಿಸಿದ. ಇಡೀ ಜೀವಿ ಪುಟ್ಟದಾಗಿ ಒಳಗೆ ಮಡಚಿಕೊಂಡಿದ್ದು ಆಮೇಲೆ ಬಿಚ್ಚಿಕೊಳ್ಳುತ್ತದೆ ಎಂಬುದು ಅವನ ವಾದ. ಡಾರ್ವಿನ್ ಹೇಳಿದ್ದು ಇದಕ್ಕೆ ತದ್ವಿರುದ್ಧ. ಅವನ ಪ್ರಕಾರ ಒಳಗೆ ಬರೆದಿಟ್ಟ ಗುರಿ ಯಾವುದೂ ಇಲ್ಲ. ‘ಮಾರ್ಪಾಡಿನೊಡನೆ ಮುಂದುವರಿಯುವ ವಂಶ’ ಎಂಬರ್ಥದ ಮಾತನ್ನೇ ಅವನು ಹೆಚ್ಚು ನೆಚ್ಚಿಕೊಂಡಿದ್ದ. 1859ರ ಅವನ ‘ಆರಿಜಿನ್ ಆಫ್ ಸ್ಪೀಷೀಸ್’ ಗ್ರಂಥದ ಮೊದಲ ಆವೃತ್ತಿಯಲ್ಲಿ ‘ಎವಲ್ಯೂಷನ್’ ಎಂಬ ನಾಮಪದವೇ ಇಲ್ಲ; ಅದರ ಕ್ರಿಯಾರೂಪ ಮಾತ್ರ ಗ್ರಂಥದ ಕಟ್ಟಕಡೆಯ ಪದವಾಗಿ ಬಂದಿದೆ. ಆ ಪದಕ್ಕೆ ಪ್ರಗತಿಯ ಬಣ್ಣ ಬಳಿದು ಊರೆಲ್ಲ ಮೆರೆಸಿದವನು ಅದೇ ಕಾಲದ ಇಂಗ್ಲಿಷ್ ದಾರ್ಶನಿಕ ಹರ್ಬರ್ಟ್ ಸ್ಪೆನ್ಸರ್.

ನೆರೆಯ ತೆಲುಗು, ಮಲಯಾಳಗಳು ಇದನ್ನು ‘ಪರಿಣಾಮ’ ಎನ್ನುತ್ತವೆ. ಹಾಲು ಮೊಸರಾಗುವುದನ್ನು ಹೇಳಲು ಹಿಂದಿನ ದಾರ್ಶನಿಕರು ಬಳಸುತ್ತಿದ್ದ ಪದವದು, ಅದರಲ್ಲಿ ಮೇಲುಕೀಳಿನ ಸೋಂಕಿಲ್ಲ. ನಮಗೆ ಆ ದಾರಿ ಮುಚ್ಚಿದೆ. ಕನ್ನಡದಲ್ಲಿ ಪರಿಣಾಮ ಎಂದರೆ ಮಾತ್ರೆ ನುಂಗಿದ ಮೇಲೆ ಆಗುವಂಥದ್ದು! ಮರಾಠಿಯ ‘ಉತ್ಕ್ರಾಂತಿ’ಯಲ್ಲಂತೂ ಮೇಲಕ್ಕೇರುವ ಅರ್ಥ ಪದದಲ್ಲೇ ಕುಳಿತಿದೆ, ಅವರ ಪಾಡು ನಮಗಿಂತ ಕಷ್ಟ.

ವ್ಯಕ್ತಿತ್ವ ವಿಕಸನ ಶಿಬಿರ, ವಿಕಾಸಸೌಧ ಎಂದು ಕೇಳಿ ಬೆಳೆದ ಹುಡುಗ ತರಗತಿಯಲ್ಲಿ ‘ಜೀವವಿಕಾಸ’ ಎಂದಾಗ ಏಳಿಗೆ ಎಂದುಕೊಂಡರೆ ಅದು ಅವನ ದಡ್ಡತನವಲ್ಲ. ಆದರೆ ಲಾಡಿಹುಳುವನ್ನು ಏನೆನ್ನೋಣ? ಅದಕ್ಕೆ ಬಾಯಿಯಿಲ್ಲ, ಕರುಳಿಲ್ಲ. ಇನ್ನೊಬ್ಬರ ಕರುಳಿನಲ್ಲಿದ್ದುಕೊಂಡು ಜೀರ್ಣವಾದ ಆಹಾರವನ್ನು ಮೈಯಿಂದಲೇ ಹೀರಿಕೊಳ್ಳುತ್ತದೆ. ಮೆಕ್ಸಿಕೊದ ಗುಹೆಗಳ ಕತ್ತಲ ನೀರಿನಲ್ಲಿ ಕಣ್ಣು ಕಳೆದುಕೊಂಡ ಮೀನುಗಳಿವೆ. ಹೊಳೆಯಲ್ಲಿರುವ ಅದೇ ಜಾತಿಯ ಮೀನುಗಳಿಗೆ ಕಣ್ಣು ಚೆನ್ನಾಗಿಯೇ ಇದೆ. ಇವೂ ವಿಕಾಸವೇ.

ಪದವನ್ನು ಬದಲಿಸಿ ಎಂದು ಕೇಳುತ್ತಿಲ್ಲ, ಅದು ರೂಢಿಗೆ ಬಂದಾಗಿದೆ. ತಲೆಬರಹದಲ್ಲಿ ‘ಮುನ್ನಡೆ’, ‘ಮೇಲ್ದರ್ಜೆಯ ಜೀವಿ’ ಎಂಬ ಮಾತುಗಳನ್ನಾದರೂ ಕೈಬಿಡಿ. ಆ ವಾನರರ ಸಾಲಿನ ಬದಲು, 1837ರಲ್ಲಿ ಡಾರ್ವಿನ್ ತನ್ನ ಟಿಪ್ಪಣಿ ಪುಸ್ತಕದಲ್ಲಿ ಗೀಚಿದ ಕವಲೊಡೆದ ಮರದ ಚಿತ್ರವನ್ನು ಒಮ್ಮೆ ಅಚ್ಚು ಹಾಕಿ.

– ನಿವೃತ್ತ ಜೀವಶಾಸ್ತ್ರ ಉಪನ್ಯಾಸಕ, ಧಾರವಾಡ