ತುರುಬು ಕಟ್ಟೂದು ಕಲಿ, ನನ್ನವ್ವಾ

ಪ್ರೀತಿಯ ಮಗಳ,

ಗೆಳತಿ ಮದವಿಗೆ ಸೀರಿ ಉಡೂದೈತಿ, ಕೂದಲಾ ಏನ್ ಮಾಡ್ಲಿ ಅಂತ ಕೇಳಿದಿ, ತುರುಬು ಕಟ್ಟು ಅಂದ್ರ "ಅಯ್ಯ ಅದು ಅಜ್ಜಿ ಸ್ಟೈಲ್ ಬೇ" ಅಂದಿ. ಹಂಗ ಅನಬ್ಯಾಡ. ಬಾದಾಮಿ ಮೂರನೇ ಗವ್ಯಾಗ 578ರ ಶಾಸನ ಐತಿ ನೋಡು, ಅದ ಗವಿ ಕಂಬದ ಮ್ಯಾಲಿನ ಜೋಡಿ ಮೂರ್ತಿಗಳ ಕೂದಲಾ ಒಮ್ಮೆ ಫೋಟೋದಾಗ ದೊಡ್ಡದ ಮಾಡಿ ನೋಡು, ಆ ಠೀವಿ ಈಗಿನ ಯಾವ ಪಾರ್ಲರ್‌ನ್ಯಾಗೂ ಸಿಗಂಗಿಲ್ಲ. ದೊಡ್ಡಾಟದಾಗ ದ್ರೌಪದಿ ಮುಡಿ ಕಟ್ಟಂಗಿಲ್ಲ ಅಂತ ಪಣ ತೊಟ್ಟು ನಿಂತ್ರ ಇಡೀ ಊರು ಸುಮ್ಮ ಕುಂದರತೈತಿ, ತುರುಬಿಗೆ ಅಷ್ಟು ಮರ್ಯಾದಿ ಇತ್ತು. ಬರೇ ಹೆಂಗಸರದ ಅಂತನೂ ಅಲ್ಲ, ಚೀನಾದಾಗ 1974ರಾಗ ರೈತರು ಬಾವಿ ತೋಡೂ ಮುಂದ ಮಣ್ಣಿನ ಸೈನಿಕರು ಸಿಕ್ಕರಲ್ಲ, ಎರಡು ಸಾವಿರ ವರ್ಷಕ್ಕಿಂತ ಹಳೇವು, ಅವರ ತಲಿ ಮ್ಯಾಲೂ ತುರುಬು, ಹೆಣೆದ ಎಳಿ ಸೈತ ತಿದ್ದಿ ಮಾಡ್ಯಾರ.

ಈಗ ಕಟ್ಟೂದು ಹೇಳ್ತೇನಿ. ತಲಿ ತೊಳಕೊಂಡ ದಿನಾ ಕಟ್ಟಬ್ಯಾಡ, ಜಾರತೈತಿ, ಮರುದಿನಾ ಚಲೋ ನಿಲ್ಲತೈತಿ. ಹಸಿ ಕೂದಲಾ ಅಂತೂ ಬ್ಯಾಡಾ ಬ್ಯಾಡ, ಜಗ್ಗಿದ್ರ ಹಿಗ್ಗಿ ಹರೀತಾವ. ಹಣಿಗಿಲೆ ತುದಿಯಿಂದ ಸಿಕ್ಕು ಬಿಡಿಸ್ಕೊಂತ ಮ್ಯಾಲ ಬಾ, ಹಿಂದ ಕುತ್ತಿಗಿ ಹತ್ರ ರಬ್ಬರ್ ಹಾಕು, ಕೂದಲಾ ಎರಡು ಪಾಲು ಮಾಡಿ ಎರಡನ್ನೂ ಬಲಕ್ಕ ತಿರುವು, ಆಮ್ಯಾಲೆ ಒಂದಕ್ಕೊಂದು ಎಡಕ್ಕ ಸುತ್ತು, ಹಗ್ಗ ಹೊಸದಂಗ, ಉಲ್ಟಾ ಸುತ್ತಿದ್ದಕ್ಕ ತಾನಾಗೆ ಬಿಚ್ಚಂಗಿಲ್ಲ. ಆ ಹುರಿ ರಬ್ಬರಿನ ಸುತ್ತ ಸುತ್ತಿ ತುದಿ ಕೆಳಗ ಸಿಗಸು.

ಪಿನ್ ಹಾಕೂದ್ರಾಗನ ಎಲ್ಲಾ ಐತಿ. ಯು ಪಿನ್ ತಗೋ, ಕ್ಲಿಪ್ ಅಲ್ಲ. ಪಿನ್ನಿನ ತುದಿ ಹೊರಗ ಮಾರಿ ಮಾಡಿ ತುರುಬಿನ ಅಂಚಿನ ಸ್ವಲ್ಪ ಎಳಿ ಹಿಡಕೊಂಡು ತಲಿಗೆ ತಾಗಸು, ತಾಗಿದ ಕೂಡ್ಲೆ ಹೊಳ್ಳಿಸಿ ತುರುಬಿನ ಒಳಗ ನೂಕು. ಸೀದಾ ಚುಚ್ಚಿದ್ರ ಅರ್ಧಾ ತಾಸಿನ್ಯಾಗ ಕಳಚಿ ಬೀಳತೈತಿ, ಹೊಳ್ಳಿಸಿದ್ರ ಊಟಾ ಮಾಡಿ, ಕುಣಿದು, ಮನಿಗೆ ಬರೂತನಕ ಗಟ್ಟಿ. ಎದುರಾ ಬದರಾ ನಾಕು ಪಿನ್ ಸಾಕು.

ಬಿಗಿ ಮಾತ್ರ ಕಟ್ಟಬ್ಯಾಡವಾ. ಹಣಿ ಚರ್ಮ ಜಗ್ಗಿದಂಗ ಆತು ಅಂದ್ರ ಬಿಚ್ಚಿ ಮತ್ತ ಕಟ್ಟು. ದಿನಾ ಬಿಗಿ ಕಟ್ಟಿದ್ರ ಹಣಿ ಅಂಚಿನ ಕೂದಲಾ ಉದರಾಕ ಶುರು ಆಗ್ತೈತಿ, ಭಾಳ ವರ್ಷ ಹಂಗ ನಡದ್ರ ಹೊಳ್ಳಿ ಬರೂದೂ ಇಲ್ಲ. ಆಫೀಸಿಗೆ ಹೋಗೂ ಮುಂದ ನೀ ನೆತ್ತಿ ಮ್ಯಾಲ ಎಳದು ಕಟ್ಟತಿಯಲ್ಲ, ಅದನ್ನ ನೋಡಿದಾಗೆಲ್ಲಾ ನನಗ ಹೊಟ್ಟ್ಯಾಗ ಸಂಕಟ ಆಗ್ತೈತಿ.

ಮಲ್ಲಿಗಿ ದಂಡಿ ಸಿಕ್ಕರ ತುರುಬಿನ ಬುಡಕ್ಕ ಒಂದ ಸುತ್ತು ಸುತ್ತು, ಅಬ್ಬಲಿಗಿ ಸಿಕ್ಕರಂತೂ ಬಿಡಬ್ಯಾಡ, ನಿನ್ನ ಹಸಿರು ಇಳಕಲ್ ಸೀರಿಗೆ ಅದ ಒಪ್ಪತೈತಿ. ಕಟ್ಟಿದ ಮ್ಯಾಲೆ ಹಿಂದಿನಿಂದ ಒಂದ ಫೋಟೋ ತಗಿಸಿ ಕಳಸು, ಪಿನ್ ಕಾಣಾಕತ್ತಿದ್ರ ಹೇಳ್ತೇನಿ.

ನಿನ್ನ ಅವ್ವ,
ಹುಬ್ಬಳ್ಳಿ