ಮೈಲೇಜ್ ಲೆಕ್ಕ ರಸ್ತೆಯಲ್ಲೂ ಆಗಲಿ

ಮಾನ್ಯ ಸಂಪಾದಕರೇ,

ಲೀಟರಿಗೆ 20 ಕಿ.ಮೀ.ಗಿಂತ ಕಡಿಮೆ ಕೊಡುತ್ತೇವೆ ಎಂದು ಹೇಳುವ ಕಾರಿನ ಜಾಹೀರಾತು ಈಗ ಅಪರೂಪ. ಪೆಟ್ರೋಲ್ ಎಂಜಿನ್ ಜೊತೆ ವಿದ್ಯುತ್ ಮೋಟರೂ ಇರುವ ಹೈಬ್ರಿಡ್ ಆದರೆ 27.97 ಎಂದು ದಶಮಾಂಶದ ಸಮೇತ ಬರೆದಿರುತ್ತಾರೆ. 20ರ ಭರವಸೆಯಲ್ಲಿ ಪೆಟ್ರೋಲ್ ಕಾರು ಕೊಂಡವರು ಊರೊಳಗೆ 12–13 ಬರುತ್ತಿದೆ ಎಂದು ಶೋರೂಮಿಗೆ ದೂರು ಒಯ್ಯುತ್ತಾರೆ. ಕಂಪನಿ ಸುಳ್ಳು ಹೇಳಿದೆ ಎನ್ನುವಂತಿಲ್ಲ, ಕಾರು ಕೆಟ್ಟಿದೆ ಎನ್ನುವಂತೆಯೂ ಇಲ್ಲ. ಆ ಅಂಕಿ ಹುಟ್ಟುವುದು ಪ್ರಯೋಗಾಲಯದಲ್ಲಿ, ಕಾರು ನಿಂತಲ್ಲೇ ನಿಂತು ಚಕ್ರ ಮಾತ್ರ ತಿರುಗುವ ರೋಲರ್ ಮೇಲೆ. ಇಂಧನ ಉಳಿಸಲೆಂದು ಕಂಪನಿಗಳು ಸುರಿಯುವ ದುಡ್ಡೂ ಬುದ್ಧಿಯೂ ಮೊದಲು ಹೋಗುವುದು ಆ ರೋಲರ್ ಮೇಲೆ ಗೆಲ್ಲುವ ತಂತ್ರಗಳಿಗೆ. ಅವುಗಳಲ್ಲಿ ಕೆಲವು ನಮ್ಮ ರಸ್ತೆಯಲ್ಲೂ ಚೆನ್ನಾಗಿ ದುಡಿಯುತ್ತವೆ, ಕೆಲವು ಪರೀಕ್ಷೆ ಮುಗಿದ ಕೂಡಲೇ ಸುಸ್ತಾಗುತ್ತವೆ.

ಪರೀಕ್ಷೆ ಒಟ್ಟು 1,180 ಸೆಕೆಂಡು, 20 ನಿಮಿಷಕ್ಕೆ ತುಸು ಕಡಿಮೆ. ಅದರಲ್ಲಿ ಮೊದಲ 780 ಸೆಕೆಂಡು ನಗರ ಸಂಚಾರದ ಅಣಕು: 195 ಸೆಕೆಂಡಿನ ಒಂದೇ ಓಟ ನಾಲ್ಕು ಸಲ. ಉಳಿದದ್ದು ಹೆದ್ದಾರಿ, ಗರಿಷ್ಠ ವೇಗ 90 ಕಿ.ಮೀ. ಎ.ಸಿ. ಬಂದ್ ಆಗಿರುತ್ತದೆ. ಏರಿಲ್ಲ, ಗುಂಡಿಯಿಲ್ಲ, ಹಂಪ್ ಇಲ್ಲ. ನಗರದ ಓಟದಲ್ಲಿ ಸೊನ್ನೆಯಿಂದ 50 ಮುಟ್ಟಲು 26 ಸೆಕೆಂಡು ತೆಗೆದುಕೊಳ್ಳುತ್ತಾರೆ. ಮೈಸೂರು ರಸ್ತೆಯಲ್ಲಿ ಅಷ್ಟು ನಿಧಾನವಾಗಿ ವೇಗ ಏರಿಸಿದರೆ ಹಿಂದಿನ ಬಿಎಂಟಿಸಿ ಚಾಲಕರು ಹಾರ್ನ್ ಮೇಲಿಂದ ಕೈ ತೆಗೆಯಲಿಕ್ಕಿಲ್ಲ.

ಸಿಗ್ನಲ್‌ನಲ್ಲಿ ಎಂಜಿನ್ ತಾನಾಗಿ ನಿಂತು, ಕ್ಲಚ್ ಒತ್ತಿದಾಗ ಮತ್ತೆ ಚಾಲೂ ಆಗುವ ಸ್ಟಾರ್ಟ್-ಸ್ಟಾಪ್ ವ್ಯವಸ್ಥೆಯನ್ನೇ ನೋಡಿ. ಆ 195 ಸೆಕೆಂಡಿನಲ್ಲಿ ಸುಮಾರು 60 ಸೆಕೆಂಡು ಕಾರು ನಿಂತಿರುತ್ತದೆ. ಹಾಗಾಗಿ ಪರೀಕ್ಷೆಯಲ್ಲಿ ಇದರ ಲಾಭ ಕಣ್ಣಿಗೆ ಕಾಣುವಷ್ಟಿದೆ. ರಸ್ತೆಯಲ್ಲಿ ಎಂಜಿನ್ ಆಫ್ ಆಗಬೇಕಾದರೆ ಕೂಲಂಟ್ ಬಿಸಿಯಾಗಿರಬೇಕು, ಬ್ಯಾಟರಿ ಸಾಕಷ್ಟು ಚಾರ್ಜ್ ಆಗಿರಬೇಕು, ಒಳಗೆ ಎ.ಸಿ. ತಣ್ಣಗಾಗಿರಬೇಕು. ಸಾಮಾನ್ಯ ಪೆಟ್ರೋಲ್ ಕಾರಿನಲ್ಲಿ ಎ.ಸಿ. ಕಂಪ್ರೆಸರ್ ತಿರುಗುವುದು ಎಂಜಿನ್ನಿನ ಬೆಲ್ಟಿನಿಂದ. ಎಂಜಿನ್ ನಿಂತರೆ ಬರುವುದು ಬರೀ ಫ್ಯಾನಿನ ಗಾಳಿ. ಏಪ್ರಿಲ್ ಮಧ್ಯಾಹ್ನ ಸ್ವಲ್ಪ ಹೊತ್ತಿಗೇ ಒಳಗೆ ಸೆಕೆಯಾಗಿ, ದೀಪ ಹಸಿರಾಗುವ ಮೊದಲೇ ಎಂಜಿನ್ ತಾನಾಗಿ ಎದ್ದುಬಿಡುತ್ತದೆ. ಚಿಕ್ಕ ಪೆಟ್ರೋಲ್ ಎಂಜಿನ್ ಕೂಡ ಎ.ಸಿ. ಹಾಕಿಕೊಂಡು ನಿಂತಲ್ಲೇ ಉರಿದರೆ ಗಂಟೆಗೆ ಮುಕ್ಕಾಲರಿಂದ ಒಂದು ಲೀಟರ್ ಕುಡಿಯುತ್ತದೆ. ಉಳಿಯಬೇಕಾದದ್ದು ಅದು, ಬೇಸಿಗೆಯಲ್ಲಿ ಉಳಿಯದಿರುವುದೂ ಅದೇ. ಇನ್ನೊಂದು ತೊಡಕು ಬ್ಯಾಟರಿಯದು. ಈ ಕಾರುಗಳಿಗೆ ದಿನಕ್ಕೆ ಹತ್ತಾರು ಸಲ ಸ್ಟಾರ್ಟ್ ತಡೆಯುವ ಇಎಫ್‌ಬಿ ಅಥವಾ ಎಜಿಎಂ ಬ್ಯಾಟರಿ ಹಾಕಿರುತ್ತಾರೆ. ಬದಲಾಯಿಸುವ ದಿನ ಅಗ್ಗದ್ದೆಂದು ಮಾಮೂಲಿ ಬ್ಯಾಟರಿ ಕೂರಿಸಿದರೆ ಚಾರ್ಜ್ ಬೇಗ ಇಳಿದು ಸ್ಟಾರ್ಟ್-ಸ್ಟಾಪ್ ಸದ್ದಿಲ್ಲದೆ ಕೆಲಸ ನಿಲ್ಲಿಸುತ್ತದೆ. ಮಾಲೀಕರಿಗೆ ಅದು ತಿಳಿಯುವುದೂ ಇಲ್ಲ.

ಒಂದು ಲೀಟರಿನ ಟರ್ಬೊ ಎಂಜಿನ್ನುಗಳ ಕಥೆಯೂ ಹೀಗೇ. ಮೆಲ್ಲಗೆ ಓಡಿಸಿದಾಗ ಸಣ್ಣ ಎಂಜಿನ್ನಿನಲ್ಲಿ ಘರ್ಷಣೆ ಕಡಿಮೆ, ಗಾಳಿ ಎಳೆಯುವ ಶ್ರಮವೂ ಕಡಿಮೆ, ಹಾಗಾಗಿ ರೋಲರ್ ಮೇಲೆ 20 ದಾಟುತ್ತದೆ. ಐದು ಜನ ಕೂತು, ಡಿಕ್ಕಿ ತುಂಬಾ ಸಾಮಾನಿಟ್ಟು ಘಾಟಿ ಹತ್ತಿದರೆ ಟರ್ಬೊ ತುಂಬುವ ಗಾಳಿಯ ಒತ್ತಡಕ್ಕೆ ಎಂಜಿನ್ ನಾಕ್ ಆಗತೊಡಗುತ್ತದೆ, ಅಂದರೆ ಇಂಧನ ಹೊತ್ತಲ್ಲದ ಹೊತ್ತಿನಲ್ಲಿ ತಾನಾಗಿ ಸಿಡಿಯುತ್ತದೆ. ಅದನ್ನು ತಡೆಯಲು ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯು ಸ್ಪಾರ್ಕನ್ನು ತಡವಾಗಿ ಕೊಡುತ್ತದೆ, ಎಕ್ಸಾಸ್ಟ್ ಕಾವು ಇಳಿಸಲು ಹೆಚ್ಚುವರಿ ಪೆಟ್ರೋಲ್ ಸುರಿಯುತ್ತದೆ. ಎರಡೂ ಮೈಲೇಜಿನ ಖರ್ಚಿಗೇ.

ರೋಲರ್ ಮೇಲೂ ರಸ್ತೆಯಲ್ಲೂ ಸೈ ಎನಿಸಿಕೊಂಡದ್ದು, ಸ್ವಲ್ಪ ದೂರ ಬರೀ ಮೋಟರಿನಲ್ಲೂ ಓಡಬಲ್ಲ ಸ್ಟ್ರಾಂಗ್ ಹೈಬ್ರಿಡ್. ಬಿಡದಿಯಲ್ಲಿ ತಯಾರಾಗುವ ಟೊಯೊಟಾ ಹೈರೈಡರ್‌ನ ಸ್ಟ್ರಾಂಗ್ ಹೈಬ್ರಿಡ್ ಮಾದರಿಯಲ್ಲಿರುವುದು 1.5 ಲೀಟರಿನ ಮೂರು ಸಿಲಿಂಡರ್ ಎಂಜಿನ್. ಗಾಳಿಯನ್ನು ಒಳಗೆ ಬಿಡುವ ಇದರ ಇನ್‌ಟೇಕ್ ವಾಲ್ವ್ ತಡವಾಗಿ ಮುಚ್ಚುತ್ತದೆ. ಒಳಗೆ ಬಂದ ಗಾಳಿಯಲ್ಲಿ ಒಂದಿಷ್ಟು ಹಿಂದಕ್ಕೆ ಹೋಗಿ, ಕಂಪ್ರೆಷನ್ ಹೊಡೆತ ಚಿಕ್ಕದಾಗಿ, ಉರಿದ ಅನಿಲ ಹಿಗ್ಗುವ ಹೊಡೆತ ದೊಡ್ಡದಾಗುತ್ತದೆ. ಅದೇ ಅಟ್ಕಿನ್ಸನ್ ಸೈಕಲ್. ಹೀಗೆ ಮಾಡಿದಾಗ ಕೆಳಗಿನ ವೇಗದಲ್ಲಿ ಎಳೆತ ಕುಗ್ಗುತ್ತದೆ, ಆ ಕೊರತೆ ತುಂಬುವುದು ಮೋಟರ್. ಎಂಜಿನ್, ಜನರೇಟರ್, ಮೋಟರ್ ಮೂರನ್ನೂ ನಡುವಿನ ಗೇರಿನ ಸುತ್ತ ಸಣ್ಣ ಗೇರುಗಳು ತಿರುಗುವ ಪ್ಲಾನೆಟರಿ ಗೇರ್ ಒಂದು ಜೋಡಿಸುತ್ತದೆ. ಕ್ಲಚ್ ಇಲ್ಲ, ಗೇರ್ ಬದಲಾವಣೆ ಇಲ್ಲ. ಸಿಲ್ಕ್ ಬೋರ್ಡ್‌ನಂಥ ಕಡೆ ತೆವಳುವಾಗ ಹೆಚ್ಚು ಹೊತ್ತು ಎಂಜಿನ್ ಆಫ್. ಎ.ಸಿ. ಕಂಪ್ರೆಸರ್ ಕೂಡ ವಿದ್ಯುತ್ತಿನದೇ ಆದ್ದರಿಂದ ಮೇಲೆ ಹೇಳಿದ ಬೇಸಿಗೆಯ ತಾಪತ್ರಯ ಇಲ್ಲಿಲ್ಲ. ಬ್ರೇಕ್ ಒತ್ತಿದಾಗ ಮೋಟರ್ ಕಾರಿನ ಓಟದ ಶಕ್ತಿಯನ್ನು ವಿದ್ಯುತ್ತಾಗಿಸಿ ಬ್ಯಾಟರಿಗೆ ತುಂಬುತ್ತದೆ. ಹಾಗಾಗಿ ನಿಂತು ನಿಂತು ಹೋಗುವ ಊರಲ್ಲೇ ಇದರ ಲಾಭ ಹೆಚ್ಚು. ಹೆದ್ದಾರಿಯಲ್ಲಿ 110ರ ವೇಗ ಹಿಡಿದು ಹೋದರೆ ಬ್ರೇಕಿನಿಂದ ಮರಳಿ ಪಡೆಯಲು ಏನೂ ಇರುವುದಿಲ್ಲ, ಲಾಭವೂ ತೆಳುವಾಗುತ್ತದೆ.

ಹೈಬ್ರಿಡ್ ಕೊಂಡವರು ಎರಡು ಸಂಗತಿ ನೆನಪಿಡಬೇಕು. ಬ್ಯಾಟರಿ ತಣ್ಣಗಿಡಲು ಕಾರಿನ ಒಳಗಿನ ಗಾಳಿಯನ್ನೇ ಎಳೆಯುವ ಕಿಂಡಿಯೊಂದು ಹಿಂದಿನ ಸೀಟಿನ ಬಳಿಯೋ ಮುಂದಿನ ಸೀಟಿನ ಕೆಳಗೋ ಇರುತ್ತದೆ. ಅದಕ್ಕೆ ಬ್ಯಾಗು, ಬೆಡ್‌ಶೀಟು ಅಡ್ಡ ಇಟ್ಟರೆ, ಫಿಲ್ಟರ್‌ನಲ್ಲಿ ದೂಳು ಕಟ್ಟಿದರೆ ಬ್ಯಾಟರಿ ಕಾಯುತ್ತದೆ. ಕಾದ ಬ್ಯಾಟರಿಯನ್ನು ಉಳಿಸಲು ಕಂಪ್ಯೂಟರ್ ಮೋಟರಿನ ನೆರವನ್ನು ತಗ್ಗಿಸುತ್ತದೆ, ಮೈಲೇಜ್ ಇಳಿಯುತ್ತದೆ. ಸರ್ವಿಸ್‌ಗೆ ಬಿಟ್ಟಾಗಲೆಲ್ಲ ಆ ಫಿಲ್ಟರ್ ತೆಗೆಸಿ ನೋಡಬೇಕು. ಎರಡನೆಯದು ಘಾಟಿ. ಈ ಬ್ಯಾಟರಿ ಹಿಡಿಯುವುದು ಮುಕ್ಕಾಲು ಯೂನಿಟ್‌ನಷ್ಟು, ಅದರಲ್ಲೂ ಬಳಕೆಗೆ ಬಿಡುವುದು ಒಂದು ಪಾಲು ಮಾತ್ರ. ಚಾರ್ಮಾಡಿ ಇಳಿಯುವಾಗ ಬುಡ ಮುಟ್ಟುವ ಎಷ್ಟೋ ಮೊದಲೇ ಅದು ತುಂಬಿಬಿಡುತ್ತದೆ. ಆಮೇಲೆ ಬ್ರೇಕಿನ ಪೂರ್ತಿ ಭಾರ ಪ್ಯಾಡುಗಳ ಮೇಲೆ. ಆಗ ಗೇರ್ ಲಿವರನ್ನು ‘ಬಿ’ಗೆ ಹಾಕಿದರೆ ಎಂಜಿನ್ ಕಾರನ್ನು ಹಿಡಿದುಕೊಳ್ಳುತ್ತದೆ.

ಆಯಿಲ್ ಮತ್ತು ಟೈರಿನಲ್ಲಿ ಕಂಪನಿ ಉಳಿಸಿಕೊಟ್ಟದ್ದನ್ನು ಗ್ಯಾರೇಜಿನಲ್ಲಿ ಕಳೆಯುವವರೇ ಹೆಚ್ಚು. 0ಡಬ್ಲ್ಯು-16 ಅಥವಾ 0ಡಬ್ಲ್ಯು-20 ಎಂಬ ತೆಳು ಆಯಿಲ್ ಕೇಳುವ ಎಂಜಿನ್ನಿಗೆ ‘ದಪ್ಪ ಇದ್ದರೆ ಒಳ್ಳೇದು’ ಎಂದು 20ಡಬ್ಲ್ಯು-40 ಸುರಿಸುವುದು, ನೋಟಕ್ಕೆಂದು ಅಗಲದ ಟೈರ್ ಹಾಕಿಸುವುದು, ಎರಡೂ ಬೇಡ.

ಇನ್ನು ನಿಯಮದ ಮಾತು. ಕಂಪನಿಯೊಂದು ವರ್ಷದಲ್ಲಿ ಮಾರಿದ ಕಾರುಗಳ ಸರಾಸರಿ ಇಂಗಾಲದ ಡೈಆಕ್ಸೈಡ್ ಇಂತಿಷ್ಟೇ ಇರಬೇಕು ಎನ್ನುವ ಕೆಫೆ ನಿಯಮ 2017ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. 2022ರಿಂದ ದೇಶದ ಸರಾಸರಿ ಗುರಿ ಕಿ.ಮೀ.ಗೆ 113 ಗ್ರಾಂ, ಅಂದರೆ ಲೀಟರ್ ಪೆಟ್ರೋಲಿಗೆ ಹತ್ತಿರಹತ್ತಿರ 21 ಕಿ.ಮೀ. ಆದರೆ ಗುರಿ ಎಲ್ಲರಿಗೂ ಒಂದೇ ಅಲ್ಲ: ಕಾರಿನ ತೂಕ ಹೆಚ್ಚಿದಂತೆ ಅದು ಸಡಿಲವಾಗುತ್ತದೆ. ತೂಕ ಶೇ 10 ಇಳಿಸಿದರೆ ಇಂಧನ ಶೇ 6ರಿಂದ 8 ಉಳಿಯುತ್ತದೆ ಎಂಬುದು ಈ ಕಸುಬಿನಲ್ಲಿ ಹಳೆಯ ಲೆಕ್ಕ. ಹಗುರ ಮಾಡಿದವರ ಗುರಿಯನ್ನೇ ಬಿಗಿ ಮಾಡಿದರೆ ಯಾರು ತಾನೇ ಹಗುರ ಮಾಡುತ್ತಾರೆ? ಎಸ್‌ಯುವಿಗಳ ಸುಗ್ಗಿಗೆ ಗಿರಾಕಿಗಳ ಆಸೆಯೊಂದೇ ಕಾರಣವಲ್ಲ. ಸಾಲದ್ದಕ್ಕೆ ಸ್ಟಾರ್ಟ್-ಸ್ಟಾಪ್, ಬ್ರೇಕಿನ ಶಕ್ತಿ ಮರಳಿ ಪಡೆಯುವ ವ್ಯವಸ್ಥೆ, ಟೈರಿನ ಗಾಳಿಯ ಮೇಲೆ ನಿಗಾ, ಆರು ಅಥವಾ ಹೆಚ್ಚಿನ ಗೇರುಗಳು, ಇವು ಒಂದೊಂದಕ್ಕೂ ಲೆಕ್ಕದಲ್ಲಿ ಶೇ 2ರ ರಿಯಾಯಿತಿ ಇದೆ. ಅದು ರಸ್ತೆಯಲ್ಲಿ ಎಷ್ಟು ಉಳಿಸಿತು ಎಂದು ಯಾರೂ ಕೇಳುವುದಿಲ್ಲ.

ಎಲೆಕ್ಟ್ರಿಕ್ ಕಾರನ್ನು ಈ ಲೆಕ್ಕದಲ್ಲಿ ಸೊನ್ನೆ ಗ್ರಾಂ ಎಂದು ಬರೆದು, ಮೇಲಾಗಿ ಒಂದನ್ನು ಮೂರೆಂದು ಎಣಿಸುತ್ತಾರೆ. ಸ್ಟ್ರಾಂಗ್ ಹೈಬ್ರಿಡ್ ಒಂದಕ್ಕೆ ಎರಡು. ಎಲೆಕ್ಟ್ರಿಕ್ ಕಾರು ಒಳ್ಳೆಯದೇ, ಆದರೆ ಸೊನ್ನೆಯಲ್ಲ. ಚಾರ್ಜಿಂಗ್‌ನಲ್ಲಿ ನಷ್ಟವಾಗುವುದನ್ನೂ ಸೇರಿಸಿ ಮೀಟರಿನಲ್ಲಿ 100 ಕಿ.ಮೀ.ಗೆ 15 ಯೂನಿಟ್ ಹಿಡಿಯೋಣ. ದೇಶದ ಗ್ರಿಡ್‌ನಲ್ಲಿ ಒಂದು ಯೂನಿಟ್‌ಗೆ ಸುಮಾರು 0.7 ಕಿಲೊ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಅಂದರೆ ಕಿ.ಮೀ.ಗೆ 105 ಗ್ರಾಂ. ಲೀಟರಿಗೆ 14 ಕೊಡುವ ಪೆಟ್ರೋಲ್ ಕಾರು ಹೊಗೆಕೊಳವೆಯಲ್ಲೇ 160 ಗ್ರಾಂ ದಾಟುತ್ತದೆ, ಪೆಟ್ರೋಲ್ ಶುದ್ಧೀಕರಿಸಿ ಬಂಕಿಗೆ ತರುವ ಖರ್ಚು ಬೇರೆ. ನಮ್ಮ ರಾಜ್ಯದಲ್ಲಿ 105 ಇನ್ನೂ ಇಳಿಯಲು ದಾರಿಯಿದೆ. ಪಾವಗಡದ 2,050 ಮೆಗಾವಾಟ್ ಸೌರ ಪಾರ್ಕ್ ದುಡಿಯುವುದು ಹಗಲಿನಲ್ಲಿ, ನಾವು ಕಾರು ಚಾರ್ಜಿಗೆ ಹಾಕುವುದು ರಾತ್ರಿ. ರಾಯಚೂರು, ಬಳ್ಳಾರಿಯ ಕಲ್ಲಿದ್ದಲಿನ ಮೇಲೆ ಹೆಚ್ಚು ಆತುಕೊಳ್ಳುವುದೂ ಆಗಲೇ. ಮನೆಗೊಂದು ಚಾರ್ಜರಿಗಿಂತ ಕಚೇರಿಗಳ ಪಾರ್ಕಿಂಗ್‌ನಲ್ಲಿ ಹಗಲು ಚಾರ್ಜ್ ಮಾಡುವ ಸೌಕರ್ಯ ಹೆಚ್ಚು ಕೆಲಸಕ್ಕೆ ಬರುತ್ತದೆ.

ಶೇ 20 ಎಥೆನಾಲ್ ಬೆರೆಸಿದ ಇ20 ಪೆಟ್ರೋಲಿನ ಬಗ್ಗೆಯೂ ಒಂದು ಮಾತು. ಎಥೆನಾಲ್‌ನಲ್ಲಿ ಲೀಟರಿಗೆ ಇರುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ. ಹಳೆಯ ಕಾರುಗಳಲ್ಲಿ ಮೈಲೇಜ್ ಶೇ 6–7ರಷ್ಟು ಇಳಿಯಬಹುದು ಎಂದು ನೀತಿ ಆಯೋಗದ 2021ರ ವರದಿಯೇ ಹೇಳಿತ್ತು. ಎಥೆನಾಲ್‌ನಲ್ಲಿ ಆಕ್ಟೇನ್, ಅಂದರೆ ನಾಕ್ ತಡೆಯುವ ಗುಣ, ಹೆಚ್ಚಿರುವುದರಿಂದ ಕಂಪ್ರೆಷನ್ ಏರಿಸಿ ಕಟ್ಟಿದ ಎಂಜಿನ್ ಈ ನಷ್ಟದಲ್ಲಿ ಒಂದಿಷ್ಟು ತುಂಬಿಕೊಳ್ಳಬಲ್ಲದು. ಹಳೆಯ ಎಂಜಿನ್ನಿಗೆ ಅದು ಸಾಧ್ಯವಿಲ್ಲ. ಬೆಳಗಾವಿ, ಬಾಗಲಕೋಟೆಯ ಕಬ್ಬು ಬೆಳೆಗಾರರಿಗೆ ಇದರಿಂದ ಅನುಕೂಲ ಆಗಿದ್ದರೆ ಸಂತೋಷ. ಆದರೆ ಕಾರಿನವರು ತೆರುತ್ತಿರುವುದನ್ನು ಇಲ್ಲವೆನ್ನುವುದು ಸರಿಯಲ್ಲ.

ಇಷ್ಟೂ ಗೊಂದಲ ಬಗೆಹರಿಸಲು ಹೊಸ ಯಂತ್ರವೇನೂ ಬೇಡ. ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿತ್ತು ಎಂಬುದರಿಂದ ಇಸಿಯು ಈಗಲೇ ಪೆಟ್ರೋಲಿನ ಲೆಕ್ಕ ಹಾಕಿ ಡ್ಯಾಶ್‌ಬೋರ್ಡಿನಲ್ಲಿ ತೋರಿಸುತ್ತಿದೆ. ಯುರೋಪಿನಲ್ಲಿ 2021ರಿಂದ ಹೊಸ ಕಾರುಗಳು ತಮ್ಮ ಜೀವಮಾನದ ಇಂಧನ ಮತ್ತು ದೂರವನ್ನು ದಾಖಲಿಸಿಕೊಳ್ಳಲೇಬೇಕು. 2024ರಲ್ಲಿ ಯುರೋಪಿಯನ್ ಆಯೋಗ ಆ ದಾಖಲೆಗಳನ್ನು ಒಟ್ಟು ಮಾಡಿ ನೋಡಿದಾಗ ಪೆಟ್ರೋಲ್, ಡೀಸೆಲ್ ಕಾರುಗಳು ಅಲ್ಲಿನ ಪರೀಕ್ಷೆಗಿಂತ ಸುಮಾರು ಶೇ 20 ಹೆಚ್ಚು ಇಂಧನ ಸುಟ್ಟಿದ್ದವು. ಪರಿಸರಸ್ನೇಹಿ ಎಂದು ರಿಯಾಯಿತಿ ಪಡೆದ, ಹೊರಗಿನಿಂದ ಚಾರ್ಜ್ ಮಾಡಬಹುದಾದ ಪ್ಲಗ್-ಇನ್ ಹೈಬ್ರಿಡ್‌ಗಳದ್ದು ಪರೀಕ್ಷೆಯ ಮೂರೂವರೆ ಪಟ್ಟು. ಪರೀಕ್ಷೆ ಎಣಿಸಿದಷ್ಟು ಸಲ ಜನ ಅವನ್ನು ಚಾರ್ಜಿಗೆ ಹಾಕುತ್ತಿರಲಿಲ್ಲ!

ನಮ್ಮಲ್ಲಿ ಬಿಎಸ್-6 ಕಾರುಗಳು ವರ್ಷಕ್ಕೊಮ್ಮೆ ಹೊಗೆ ತಪಾಸಣೆಗೆ ಬರುತ್ತವೆ. ಕಾರಿನ ಕಂಪ್ಯೂಟರಿನ ದಾಖಲೆ ಓದಲೆಂದು ಸ್ಟಿಯರಿಂಗ್ ಕೆಳಗೆ ಇರುವ ಒಬಿಡಿ ಸಾಕೆಟ್ಟಿಗೆ ರೀಡರ್ ಚುಚ್ಚಿ ಒಟ್ಟು ಇಂಧನ, ಒಟ್ಟು ಕಿ.ಮೀ. ಎರಡೇ ಅಂಕಿ ಓದಲು ನಿಮಿಷ ಸಾಕು. ಅದಕ್ಕೆ ಎಲ್ಲ ಕಂಪನಿಗಳೂ ಆ ಎರಡು ಅಂಕಿಗಳನ್ನು ಒಂದೇ ನಮೂನೆಯಲ್ಲಿ ದಾಖಲಿಸಬೇಕೆಂಬ ನಿಯಮ ಮೊದಲು ಬರಬೇಕು. ಕೆಫೆ ಮೂರನೇ ಹಂತ 2027ರ ಏಪ್ರಿಲ್‌ನಿಂದ ಎಂಬ ಕರಡು ಸಿದ್ಧವಾಗಿರುವ ಈ ಹೊತ್ತಿನಲ್ಲೇ ಅದನ್ನು ಸೇರಿಸಬಹುದು. ಕಾರಿನ ಸಂಖ್ಯೆ, ಮಾಲೀಕರ ಹೆಸರು ತೆಗೆದುಹಾಕಿ, ಮಾದರಿವಾರು ಸರಾಸರಿಯನ್ನು ಸಾರಿಗೆ ಇಲಾಖೆ ವರ್ಷಕ್ಕೊಮ್ಮೆ ಪ್ರಕಟಿಸಲಿ. ಶೋರೂಮಿನ ಫಲಕದಲ್ಲಿ ರೋಲರ್ ಅಂಕಿಯ ಪಕ್ಕದಲ್ಲೇ, ಅದೇ ಗಾತ್ರದ ಅಕ್ಷರದಲ್ಲಿ, ಅದೂ ಇರಲಿ.

ಇಂತಿ,
ಆಟೊಮೊಬೈಲ್ ಎಂಜಿನಿಯರ್, ಬೆಂಗಳೂರು