ಜನಸಂದಣಿಯಲ್ಲಿ ಹುಟ್ಟುವ ಭಯಕ್ಕೂ ಕಿವಿಗೊಡಬೇಕು

ಮಾನ್ಯ ಸಂಪಾದಕರೇ,

ದೊಡ್ಡ ಸಾರ್ವಜನಿಕ ಸಮಾರಂಭಗಳಿಗೆ ಹೋಗಲು ಹೆದರುವವರು ನಮ್ಮ ನಡುವೆ ಬಹಳ ಮಂದಿ ಇದ್ದಾರೆ. ಅವರಲ್ಲಿ ನಾನೂ ಒಬ್ಬಳು. ವಿಜಯೋತ್ಸವವಾಗಲಿ, ಸಂಗೀತ ಕಾರ್ಯಕ್ರಮವಾಗಲಿ, ರಾಜಕೀಯ ಸಭೆಯಾಗಲಿ, ಸುತ್ತಲಿನ ಜನ ಮೈಗೆ ಮೈ ತಾಗುವಷ್ಟು ಹತ್ತಿರವಾದ ಕೂಡಲೇ ವೇದಿಕೆಯ ಮೇಲಿನ ಗಮನ ಹಾರಿಹೋಗಿ, ಹೊರಗೆ ಹೋಗುವ ದಾರಿ ಎಲ್ಲಿದೆಯೆಂದು ಕಣ್ಣು ಹುಡುಕತೊಡಗುತ್ತದೆ. ಇದನ್ನು ಯಾರಲ್ಲಾದರೂ ಹೇಳಿಕೊಂಡರೆ, ಅಷ್ಟೊಂದು ಭಯವಿದ್ದವರು ಮನೆಯಲ್ಲೇ ಇರಬೇಕಿತ್ತು ಎಂಬ ಉತ್ತರ ಸಿಗುತ್ತದೆ. ಭಯ ಪಟ್ಟವರದೇ ತಪ್ಪು ಎಂಬ ಈ ಧೋರಣೆಯನ್ನು ನಾನು ಒಪ್ಪುವುದಿಲ್ಲ. ಒಂದು ಜಾಗ ಅಪಾಯಕಾರಿಯಾಗುತ್ತಿದೆ ಎಂಬ ಸುದ್ದಿ ಎಲ್ಲರಿಗಿಂತ ಮೊದಲು ತಲುಪುವುದು ಅಲ್ಲಿ ನಿಂತವರ ಮೈಗೆ. ಆ ಸುದ್ದಿಯನ್ನು ಕೇಳಿಸಿಕೊಳ್ಳುವ ಏರ್ಪಾಡು ಪ್ರತಿಯೊಂದು ಸಮಾರಂಭದಲ್ಲೂ ಇರಲೇಬೇಕೆಂದು ಹೇಳುವುದಕ್ಕಾಗಿಯೇ ಈ ಪತ್ರ ಬರೆಯುತ್ತಿದ್ದೇನೆ.

ಈ ಭಯಕ್ಕೆ ಗಟ್ಟಿಯಾದ ಆಧಾರವಿದೆ. ಜನಸಂದಣಿಯನ್ನು ಅಧ್ಯಯನ ಮಾಡುವವರು ಒಟ್ಟು ಎಷ್ಟು ಜನ ಸೇರಿದ್ದಾರೆ ಎಂಬುದಕ್ಕಿಂತ, ಒಂದು ಚದರ ಮೀಟರ್ ಜಾಗದಲ್ಲಿ ಎಷ್ಟು ಮಂದಿ ನಿಂತಿದ್ದಾರೆ ಎಂಬುದನ್ನು ಮುಖ್ಯವಾಗಿ ಗಮನಿಸುತ್ತಾರೆ. ನಾಲ್ಕು ಮಂದಿ ಇರುವವರೆಗೆ ಹೆಚ್ಚುಕಡಿಮೆ ತಮ್ಮ ಇಚ್ಛೆಯಂತೆ ತಿರುಗಬಹುದು, ಬದಿಗೆ ಸರಿಯಬಹುದು. ಐದು ದಾಟಿತೆಂದರೆ ನಾಲ್ಕೂ ಕಡೆಯಿಂದ ಮೈಗಳು ಒತ್ತತೊಡಗುತ್ತವೆ. ಏಳರ ಸುಮಾರಿಗೆ ಬಂದಾಗ ವ್ಯಕ್ತಿಯ ಇಚ್ಛೆಗೆ ಬೆಲೆಯೇ ಉಳಿಯುವುದಿಲ್ಲ. ಹಿಂದೆಲ್ಲೋ ಆದ ಸಣ್ಣ ಒತ್ತಡವೊಂದು ಮೈಯಿಂದ ಮೈಗೆ ದಾಟುತ್ತಾ, ನೀರಿನಲ್ಲಿ ಅಲೆ ಸಾಗುವಂತೆ ಇಡೀ ಗುಂಪಿನ ಮೂಲಕ ಹಾಯುತ್ತದೆ, ನೆಲದಿಂದ ಕಾಲು ಮೇಲೇಳುವ ಮಟ್ಟಿಗೆ ಜನರನ್ನು ಎತ್ತಿಬಿಡುತ್ತದೆ. ಸ್ಪೇನ್‌ನ ಪಾಂಪ್ಲೋನಾ ನಗರದ ಉತ್ಸವದಲ್ಲಿ ಸೇರುವ ಜನರನ್ನು ಮೇಲಿನಿಂದ ಚಿತ್ರೀಕರಿಸಿದ ಫ್ರಾನ್ಸಿನ ಭೌತವಿಜ್ಞಾನಿಗಳು, ದಟ್ಟಣೆ ಒಂದು ಮಿತಿಯನ್ನು ಮೀರಿದ ಮೇಲೆ ನೂರಾರು ಜನ ತಮಗೇ ಗೊತ್ತಿಲ್ಲದಂತೆ ಒಟ್ಟಾಗಿ, ಸುಮಾರು 18 ಸೆಕೆಂಡಿಗೊಂದು ಸುತ್ತಿನಂತೆ ತೊಯ್ದಾಡುತ್ತಾರೆಂದು 2025ರಲ್ಲಿ ಪ್ರಕಟಿಸಿದರು. ಯಾರೂ ಯಾರನ್ನೂ ಬೇಕೆಂದು ತಳ್ಳದಿದ್ದರೂ ಇದು ನಡೆಯುತ್ತದೆ. 2010ರಲ್ಲಿ ಜರ್ಮನಿಯ ಡೂಯಿಸ್‌ಬರ್ಗ್‌ನ ಸಂಗೀತೋತ್ಸವದಲ್ಲಿ, ಒಳಹೋಗಲೂ ಹೊರಬರಲೂ ಒಂದೇ ಇಳಿಜಾರು ದಾರಿಯಿದ್ದ ಕಡೆ 21 ಮಂದಿ ಸತ್ತ ದುರಂತದ ದೃಶ್ಯಗಳಲ್ಲೂ ಆ ವಿಜ್ಞಾನಿಗಳಿಗೆ ಇದೇ ಬಗೆಯ ಚಲನೆ ಕಂಡಿತು.

ಇಂತಹ ದಟ್ಟಣೆಯಲ್ಲಿ ಸಾಯುವವರೆಲ್ಲ ಕಾಲಡಿಗೆ ಸಿಕ್ಕಿ ಸಾಯುತ್ತಾರೆಂಬ ನಂಬಿಕೆಯಿದೆ. ಬಹುತೇಕರು ಸಾಯುವುದು ಉಸಿರುಕಟ್ಟಿ. ಎದೆಗೂಡು ಹಿಗ್ಗಲು ಜಾಗವಿಲ್ಲದೆ ಶ್ವಾಸಕೋಶಕ್ಕೆ ಗಾಳಿ ಹೋಗುವುದು ನಿಲ್ಲುತ್ತದೆ. ನಿಂತ ನಿಲುವಿನಲ್ಲೇ ಪ್ರಜ್ಞೆ ತಪ್ಪುತ್ತದೆ. ಬೀಳಲು ಕೂಡ ಜಾಗವಿರದೆ ಸುತ್ತಲಿನವರ ಮೈಗಳೇ ಆ ದೇಹವನ್ನು ಎತ್ತಿಹಿಡಿದಿರುತ್ತವೆ. ಹತ್ತು ಅಡಿ ದೂರದಲ್ಲಿರುವವನಿಗೆ ಇದರ ಸುಳಿವೂ ಸಿಗುವುದಿಲ್ಲ. ಎತ್ತರ ಕಡಿಮೆಯಿರುವ ಹೆಂಗಸರು ಮತ್ತು ಮಕ್ಕಳ ಮುಖ ಇತರರ ಎದೆ, ಬೆನ್ನುಗಳ ಮಟ್ಟದಲ್ಲಿರುವುದರಿಂದ ಅವರಿಗೆ ಕಷ್ಟ ಮೊದಲೇ ಶುರುವಾಗುತ್ತದೆ. ಹೀಗಿರುವಾಗ, ಉಸಿರಾಡಲು ಆಗುತ್ತಿಲ್ಲ ಎಂದು ಕೂಗಿದ ಹೆಣ್ಣುಮಗಳನ್ನು ಗಾಬರಿಯ ಸ್ವಭಾವದವಳೆಂದು ಸುಮ್ಮನಾಗಿಸುವುದು ಕ್ರೌರ್ಯವೇ ಸರಿ.

ಮುಂದೆ ಏನಾಗುತ್ತಿದೆ ಎಂಬುದು ಹಿಂದಿದ್ದವರಿಗೆ ತಿಳಿಯದಿರುವುದೇ ಬಹಳಷ್ಟು ದುರಂತಗಳ ಮೂಲ ಎಂದು ಅಮೆರಿಕದ ಎಂಜಿನಿಯರ್ ಜಾನ್ ಫ್ರುಯಿನ್ ದಶಕಗಳ ಹಿಂದೆಯೇ ವಿವರಿಸಿದ್ದರು. 1979ರ ಡಿಸೆಂಬರ್ 3ರಂದು ಸಿನ್ಸಿನಾಟಿಯ ಸಂಗೀತ ಕಛೇರಿಯೊಂದರ ಹೊರಗೆ 11 ಮಂದಿ ಸತ್ತಾಗ, ತೆರೆದಿದ್ದುದು ಕೆಲವೇ ಬಾಗಿಲುಗಳು. ಒಳಗಿನಿಂದ ಕೇಳಿಬಂದ ಸದ್ದನ್ನು ಕಾರ್ಯಕ್ರಮದ ಆರಂಭವೆಂದು ತಿಳಿದ ಹಿಂದಿನ ಜನ ಮುಂದೊತ್ತಿದರು. ಅದಾಗಿ ನಾಲ್ಕೂವರೆ ದಶಕಗಳು ಕಳೆದ ಮೇಲೆ, 2025ರ ಜೂನ್ 4ರಂದು, ಬೆಂಗಳೂರಿನ ಕ್ರೀಡಾಂಗಣದ ಗೇಟುಗಳ ಬಳಿ ಮತ್ತೆ 11 ಮಂದಿ ಪ್ರಾಣ ಬಿಟ್ಟರು. ಅಲ್ಲಿಯೂ ಗೇಟಿನ ಮುಂದಿದ್ದವರ ಸಂಕಟ ರಸ್ತೆಯುದ್ದಕ್ಕೂ ನಿಂತವರಿಗೆ ಗೊತ್ತಿರಲಿಲ್ಲ. ಹಾಗೆಂದು ಹಿಂದಿದ್ದವರನ್ನು ದೂರುವುದರಲ್ಲಿ ಅರ್ಥವಿಲ್ಲ. ಅವರಿಗೆ ಹೇಳುವವರು ಯಾರಾದರೂ ಇದ್ದರೇ, ಹೇಳಲು ಧ್ವನಿವರ್ಧಕವಿತ್ತೇ, ಅವರು ಹಿಂದೆ ಸರಿಯಬೇಕೆಂದರೆ ದಾರಿಯಿತ್ತೇ ಎಂದು ಮೊದಲು ಕೇಳಬೇಕು.

ಭಯವನ್ನು ಕೇಳಿಸಿಕೊಳ್ಳದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ದಕ್ಷಿಣ ಕೊರಿಯಾದ ಸೋಲ್ ನಗರದ ಇಟೇವಾನ್ ದುರಂತಕ್ಕಿಂತ ಕಹಿಯಾದ ಉದಾಹರಣೆ ನನಗೆ ಗೊತ್ತಿಲ್ಲ. 2022ರ ಅಕ್ಟೋಬರ್ 29ರ ರಾತ್ರಿ, ಮೂರು ಮೀಟರಿಗಿಂತ ಸ್ವಲ್ಪವೇ ಅಗಲವಾದ ಇಳಿಜಾರು ಗಲ್ಲಿಯೊಂದರಲ್ಲಿ ಜನ ಸಿಕ್ಕಿಕೊಂಡರು. ದುರಂತಕ್ಕೆ ಬಲಿಯಾದವರ ಅಧಿಕೃತ ಲೆಕ್ಕ 159. ಸತ್ತವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಅನಾಹುತ ನಡೆದದ್ದು ರಾತ್ರಿ 10.15ರ ಸುಮಾರಿಗೆ. ಆದರೆ ಇಲ್ಲಿ ಜನ ನಜ್ಜುಗುಜ್ಜಾಗುವ ಹಾಗಿದೆ, ಯಾರಾದರೂ ಬಂದು ನಿಯಂತ್ರಿಸಿ ಎಂದು ಪೊಲೀಸರಿಗೆ ಮೊದಲ ಕರೆ ಹೋದದ್ದು ಸಂಜೆ 6.34ಕ್ಕೆ. ಈ ಎರಡು ಹೊತ್ತುಗಳ ನಡುವೆ ಅದೇ ಪ್ರದೇಶದಿಂದ ಒಟ್ಟು 11 ಕರೆಗಳು ಹೋಗಿದ್ದವೆಂದು ಪೊಲೀಸರೇ ನಂತರ ಬಹಿರಂಗಪಡಿಸಿದರು. ಸಾಮಾನ್ಯ ನಾಗರಿಕರೊಬ್ಬರು ತಮ್ಮ ಮೈಗೆ ಅನ್ನಿಸಿದ್ದನ್ನು ನಂಬಿ, ಮೂರೂವರೆ ಗಂಟೆಗೂ ಮೊದಲೇ ಸರಿಯಾದ ಎಚ್ಚರಿಕೆ ಕೊಟ್ಟಿದ್ದರು ಎಂಬುದನ್ನು ನೆನೆದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಅದಕ್ಕೆ ಒಂದು ವರ್ಷ ಮೊದಲು, 2021ರ ನವೆಂಬರ್‌ನಲ್ಲಿ, ಅಮೆರಿಕದ ಹ್ಯೂಸ್ಟನ್‌ನ ಸಂಗೀತೋತ್ಸವದಲ್ಲಿ ಹತ್ತು ಮಂದಿ ಸತ್ತರು. ಕಾರ್ಯಕ್ರಮ ನಿಲ್ಲಿಸಿ ಎಂದು ಪ್ರೇಕ್ಷಕರು ಕೂಗುತ್ತಿದ್ದರು, ಕೆಲವರು ಕ್ಯಾಮೆರಾ ಇಟ್ಟ ಅಟ್ಟಣಿಗೆಯನ್ನೇ ಹತ್ತಿ ಅಲ್ಲಿದ್ದ ಸಿಬ್ಬಂದಿಯನ್ನು ಬೇಡಿಕೊಂಡರು. ಭಾರಿ ಅನಾಹುತವಾಗಿದೆಯೆಂದು ಅಧಿಕಾರಿಗಳು ಘೋಷಿಸಿದ ಮೇಲೂ ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಹಾಡು ಮುಂದುವರಿದಿತ್ತು.

ದುರಂತ ನಡೆದ ಮೇಲೆ ತಪ್ಪನ್ನು ಜನರ ತಲೆಗೆ ಕಟ್ಟುವುದು ಇನ್ನೊಂದು ಅನ್ಯಾಯ. ಜನ ನಿಯಂತ್ರಣ ಮೀರಿದರು, ಉದ್ವೇಗಕ್ಕೆ ಒಳಗಾದರು, ಶಿಸ್ತಿರಲಿಲ್ಲ ಎಂಬ ಹೇಳಿಕೆಗಳು ಮರುದಿನವೇ ಬರುತ್ತವೆ. 1989ರ ಏಪ್ರಿಲ್ 15ರಂದು ಇಂಗ್ಲೆಂಡಿನ ಶೆಫೀಲ್ಡ್ ನಗರದ ಹಿಲ್ಸ್‌ಬರೋ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ನಡೆದದ್ದು ಇದೇ. ಹೊರಗಿನ ಒತ್ತಡ ತಗ್ಗಿಸಲೆಂದು ಪೊಲೀಸರು ದೊಡ್ಡ ಗೇಟೊಂದನ್ನು ತೆರೆಸಿದರು. ಆಗಲೇ ತುಂಬಿದ್ದ, ಪ್ರೇಕ್ಷಕರು ನಿಲ್ಲುವ ಮಧ್ಯದ ಅಂಕಣಗಳಿಗೆ ಹೋಗುವ ಸುರಂಗದಾರಿಯನ್ನು ಮಾತ್ರ ಮುಚ್ಚಲಿಲ್ಲ. ಒಟ್ಟು 97 ಮಂದಿ ಬಲಿಯಾದರು. ಕುಡಿದು ಬಂದ ಅಭಿಮಾನಿಗಳೇ ಇದಕ್ಕೆ ಕಾರಣವೆಂದು ಹಬ್ಬಿಸಲಾಯಿತು, ಪತ್ರಿಕೆಗಳೂ ಅದನ್ನು ಅಚ್ಚುಹಾಕಿದವು. ಅಭಿಮಾನಿಗಳ ತಪ್ಪಿರಲಿಲ್ಲ, ಇದು ಕಾನೂನುಬಾಹಿರ ಹತ್ಯೆ ಎಂಬ ತೀರ್ಮಾನ ವಿಚಾರಣೆಯಲ್ಲಿ ಹೊರಬರಲು ಸತ್ತವರ ಮನೆಯವರು 2016ರವರೆಗೆ ಹೋರಾಡಬೇಕಾಯಿತು. ಅಂದು ಜಾಹೀರಾತಿನ ಹಲಗೆಗಳನ್ನು ಕಿತ್ತು, ಗಾಯಾಳುಗಳನ್ನು ಅವುಗಳ ಮೇಲೆ ಮಲಗಿಸಿ ಮೈದಾನದಾಚೆಗೆ ಹೊತ್ತೊಯ್ದವರು ಅದೇ ಅಭಿಮಾನಿಗಳು. ಆಪತ್ತಿನಲ್ಲಿ ಜನ ಒಬ್ಬರನ್ನೊಬ್ಬರು ತುಳಿದು ಓಡುತ್ತಾರೆ ಎಂಬ ಕಲ್ಪನೆಗಿಂತ, ಅಪರಿಚಿತರು ಅಪರಿಚಿತರ ಕೈಹಿಡಿದು ಎತ್ತುತ್ತಾರೆ ಎಂಬುದೇ ಅನೇಕ ಅಧ್ಯಯನಗಳಲ್ಲಿ ಕಂಡುಬಂದ ಸತ್ಯ.

ಅಸುರಕ್ಷಿತ ಎನ್ನಿಸಲು ಉಸಿರುಗಟ್ಟುವಷ್ಟು ದಟ್ಟಣೆಯೇ ಬೇಕಾಗಿಲ್ಲ ಎಂಬುದನ್ನು ಹೆಣ್ಣುಮಕ್ಕಳು ಬಲ್ಲರು. ಗುಂಪಿನ ಮರೆಯಲ್ಲಿ ಮೈಮೇಲೆ ಹರಿದಾಡುವ ಕೈ ಯಾರದೆಂದು ತಿರುಗಿ ನೋಡುವಷ್ಟು ಜಾಗವೂ ಇರುವುದಿಲ್ಲ. ದೂರು ಕೊಡಲು ಹೊರಟರೆ ಯಾರ ಮೇಲೆ ಎಂಬ ಪ್ರಶ್ನೆಗೆ ಉತ್ತರವಿರುವುದಿಲ್ಲ. ಇಂಥದ್ದನ್ನು ನಾನೂ ಅನುಭವಿಸಿದ್ದೇನೆ, ಬಂದೋಬಸ್ತಿಗೆ ನಿಂತವರ ಬಳಿ ಹೇಳಿಕೊಂಡಾಗ ಇಷ್ಟು ಜನರಲ್ಲಿ ನಾವೇನು ಮಾಡಲಿಕ್ಕಾಗುತ್ತದೆ ಎಂಬ ಮಾತನ್ನೂ ಕೇಳಿದ್ದೇನೆ. ಜನ ಹೆಚ್ಚಾದಷ್ಟೂ ರಕ್ಷಣೆಯ ಹೊಣೆ ಹೆಚ್ಚಬೇಕೇ ಹೊರತು, ಜನ ಹೆಚ್ಚಿರುವುದೇ ಹೊಣೆಯಿಂದ ಜಾರಿಕೊಳ್ಳುವ ನೆಪವಾಗಬಾರದು. ಗಾಲಿಕುರ್ಚಿಯಲ್ಲಿ ಬರುವವರು, ಕಿವಿ ಕೇಳಿಸದವರು, ಮಗುವನ್ನು ಎತ್ತಿಕೊಂಡ ತಾಯಂದಿರು, ಜನಜಂಗುಳಿಯಲ್ಲಿ ಎದೆ ಹೊಡೆದುಕೊಂಡು ತಲೆಸುತ್ತು ಬರುವವರು, ಇವರೆಲ್ಲರಿಗೂ ಸಾರ್ವಜನಿಕ ಸಮಾರಂಭದಲ್ಲಿ ಪಾಲಿದೆ.

ಸುರಕ್ಷತೆಯ ಬಹುಭಾಗ ಸರಳ ಲೆಕ್ಕದ ವಿಷಯ. ಗ್ಲಾಸ್ಗೋದ ಐಬ್ರಾಕ್ಸ್ ಕ್ರೀಡಾಂಗಣದಲ್ಲಿ 1971ರಲ್ಲಿ 66 ಮಂದಿ ಸತ್ತ ಬಳಿಕ ಬ್ರಿಟನ್ನಿನಲ್ಲಿ ಕ್ರೀಡಾಂಗಣಗಳ ಸುರಕ್ಷತೆಗೆಂದು ಮಾರ್ಗದರ್ಶಿಯೊಂದು ಹೊರಬಂತು. ಇಂದಿಗೂ ಅದು ಪರಿಷ್ಕರಣೆಗೊಳ್ಳುತ್ತಾ ಬಳಕೆಯಲ್ಲಿದೆ. ಅದರ ಪ್ರಕಾರ ತಿರುಗುಗೇಟೊಂದರ ಮೂಲಕ ಗಂಟೆಗೆ ಹೆಚ್ಚೆಂದರೆ 660 ಮಂದಿ ಒಳಹೋಗುತ್ತಾರೆಂದು ಲೆಕ್ಕ ಹಿಡಿಯಬೇಕು. ಹಾಗಾದರೆ 30 ಸಾವಿರ ಜನರನ್ನು ಒಂದು ಗಂಟೆಯೊಳಗೆ ಒಳಬಿಡಲು 46 ತಿರುಗುಗೇಟುಗಳು ಬೇಕು. ಹೊರಹೋಗುವಾಗ ಸಮತಟ್ಟಾದ ದಾರಿಯ ಪ್ರತಿ ಮೀಟರ್ ಅಗಲಕ್ಕೆ ನಿಮಿಷಕ್ಕೆ 82 ಮಂದಿ, ಮೆಟ್ಟಿಲಿನಲ್ಲಾದರೆ 66 ಮಂದಿ ಎಂಬುದು ಅಲ್ಲಿಯ ಗರಿಷ್ಠ ಮಿತಿ. ಹತ್ತು ಗೇಟುಗಳಿದ್ದು, ಎಂಟಕ್ಕೆ ಬೀಗ ಹಾಕಿ ಎರಡನ್ನೇ ತೆರೆದರೆ ಏನಾಗುತ್ತದೆಂದು ಊಹಿಸಲು ಯಾವ ತಜ್ಞರೂ ಬೇಕಿಲ್ಲ. ನಮ್ಮ ದೇಶದಲ್ಲಿಯೂ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವು ಜನಸಂದಣಿ ನಿರ್ವಹಣೆಯ ಕುರಿತು 2014ರಲ್ಲೇ ಕೈಪಿಡಿ ಹೊರತಂದಿದೆ. ಹಾಗಿದ್ದೂ 2024ರ ಜುಲೈ 2ರಂದು ಉತ್ತರ ಪ್ರದೇಶದ ಹಾಥರಸ್‌ನ ಸತ್ಸಂಗ ಸಭೆಯೊಂದರಲ್ಲಿ 121 ಮಂದಿ ಬಲಿಯಾದರು. ಆ ಸಭೆಗೆ ಅನುಮತಿ ಪಡೆದಿದ್ದುದು 80 ಸಾವಿರ ಜನರಿಗೆ; ಪೊಲೀಸರು ದಾಖಲಿಸಿದ ಪ್ರಕರಣದ ಪ್ರಕಾರ ಸೇರಿದ್ದವರು ಎರಡೂವರೆ ಲಕ್ಷಕ್ಕೂ ಹೆಚ್ಚು. ಅನುಮತಿ ಪತ್ರದಲ್ಲಿ ಬರೆದ ಸಂಖ್ಯೆ ತುಂಬಿದ ಕ್ಷಣದಲ್ಲಿ ಇನ್ನು ಸಾಕು ಎಂದು ಹೇಳುವ ಒಬ್ಬ ಮನುಷ್ಯ ಅಲ್ಲಿರದಿದ್ದರೆ ಆ ಸಂಖ್ಯೆಗೆ ಅರ್ಥವೇನು?

ಆದ್ದರಿಂದ ನಾನು ಎಲ್ಲಕ್ಕಿಂತ ಮುಖ್ಯವಾಗಿ ಕೇಳುವುದು ಆ ಒಬ್ಬ ಮನುಷ್ಯನನ್ನು. ಪ್ರತಿಯೊಂದು ದೊಡ್ಡ ಸಮಾರಂಭಕ್ಕೆ ಅನುಮತಿ ಕೊಡುವಾಗ, ಕಾರ್ಯಕ್ರಮವನ್ನು ತಕ್ಷಣ ನಿಲ್ಲಿಸುವ, ಗೇಟು ತೆರೆಸುವ, ಪ್ರವೇಶ ತಡೆಯುವ ಅಧಿಕಾರವುಳ್ಳ ಒಬ್ಬ ವ್ಯಕ್ತಿಯನ್ನು ಲಿಖಿತವಾಗಿ ನೇಮಿಸಬೇಕು. ವೇದಿಕೆಯ ಮೇಲೆ ಎಷ್ಟೇ ದೊಡ್ಡವರಿದ್ದರೂ ಅವರ ಮಾತಿಗಿಂತ ಈ ವ್ಯಕ್ತಿಯ ಮಾತು ಮೇಲಾಗಿರಬೇಕು. ಗುಂಪಿನೊಳಗಿನಿಂದ ಬರುವ ಎಚ್ಚರಿಕೆ ಅವರನ್ನು ನೇರವಾಗಿ ತಲುಪಲು ಒಂದು ದೂರವಾಣಿ ಸಂಖ್ಯೆಯೂ, ಕೈಯೆತ್ತಿ ಕರೆದರೆ ಕಾಣುವಷ್ಟು ದೂರದಲ್ಲಿ ಎತ್ತರದ ಜಾಗದ ಮೇಲೆ ಸ್ವಯಂಸೇವಕರೂ ಇರಬೇಕು. ಸಾವಿರಾರು ಜನ ಸೇರಿದಲ್ಲಿ ಮೊಬೈಲ್ ಸಂಪರ್ಕ ಕೈಕೊಡುವುದು ಸಾಮಾನ್ಯವಾದ್ದರಿಂದ ಎರಡನೆಯದನ್ನು ಬಿಡುವಂತಿಲ್ಲ. ಒಂದೇ ಮೂಲೆಯಿಂದ ಎರಡನೆಯ ದೂರು ಬಂದಿತೆಂದರೆ ಹೋಗಿ ನೋಡುವುದು ಕಡ್ಡಾಯವಾಗಬೇಕು. ನೋಡಿದಾಗ ಏನೂ ಇರದಿದ್ದರೆ ಹತ್ತು ನಿಮಿಷ ಹೋಗುತ್ತದೆ, ಅಷ್ಟೇ.

ಜನರೂ ತಿಳಿದುಕೊಳ್ಳಬೇಕಾದ ಕೆಲವು ಸಂಗತಿಗಳಿವೆ. ಒಳಗೆ ಕಾಲಿಟ್ಟಾಗಲೇ ಬಂದ ದಾರಿಯಲ್ಲದೆ ಇನ್ನೊಂದು ದಾರಿಯನ್ನು ನೋಡಿಟ್ಟುಕೊಳ್ಳಬೇಕು. ಎಲ್ಲ ಕಡೆಯಿಂದಲೂ ಮೈ ತಾಗತೊಡಗಿದಾಗಲೇ ಹೊರಡಬೇಕು, ಆಮೇಲೆ ಹೊರಡಲಾಗುವುದಿಲ್ಲ. ಸಿಕ್ಕಿಕೊಂಡರೆ ಬಾಕ್ಸಿಂಗ್ ಆಡುವವರು ನಿಲ್ಲುವಂತೆ ಎರಡೂ ಕೈಗಳನ್ನು ಎದೆಯ ಮುಂದೆ ಮಡಚಿ ಹಿಡಿದು ಉಸಿರಿಗೆ ಜಾಗ ಉಳಿಸಿಕೊಳ್ಳಬೇಕು, ಅಲೆಗೆ ಎದುರು ತಳ್ಳದೆ ಅದರೊಂದಿಗೆ ಸಾಗಿ, ಒತ್ತಡ ಸಡಿಲಿದಾಗ ಓರೆಯಾಗಿ ಅಂಚಿನತ್ತ ಸರಿಯಬೇಕು, ಬಿದ್ದ ವಸ್ತುವಿಗಾಗಿ ಬಗ್ಗಬಾರದು. ಇಷ್ಟನ್ನು ಹೇಳಿದರೂ, ಇದೆಲ್ಲ ಕೊನೆಯ ಗಳಿಗೆಯ ಉಪಾಯವೆಂದು ನಾನು ಬಲ್ಲೆ. ಜಾಗ ಹೇಗಿರಬೇಕೆಂದು ತೀರ್ಮಾನಿಸಿದವರ ಹೊಣೆಯನ್ನು ಟಿಕೆಟ್ ಹಿಡಿದು ಬಂದವರ ಮೇಲೆ ಹೊರಿಸಲಾಗದು.

ಕೊನೆಯದಾಗಿ ನಿಮ್ಮಲ್ಲೇ ಒಂದು ಕೋರಿಕೆ. ಪತ್ರಿಕೆಗಳು ದೊಡ್ಡ ಸಮಾರಂಭದ ಸ್ಥಳ, ಸಮಯ, ಅತಿಥಿಗಳ ವಿವರಗಳನ್ನು ಮೊದಲೇ ಪ್ರಕಟಿಸುತ್ತವೆ. ವಾಹನ ನಿಲುಗಡೆಯ ನಕ್ಷೆಯನ್ನು ಕೂಡ ಕೊಡುತ್ತವೆ. ಅದೇ ಅಂಕಣದಲ್ಲಿ ಆ ಸ್ಥಳಕ್ಕೆ ಎಷ್ಟು ಜನರ ಮಿತಿಯಿದೆ, ಯಾವ ಯಾವ ಗೇಟುಗಳು ತೆರೆದಿರುತ್ತವೆ, ತುರ್ತು ನಿರ್ಗಮನ ಎಲ್ಲಿದೆ, ಕಾರ್ಯಕ್ರಮ ನಿಲ್ಲಿಸುವ ಅಧಿಕಾರ ಯಾರದು, ಅವರನ್ನು ಸಂಪರ್ಕಿಸುವ ಸಂಖ್ಯೆ ಯಾವುದು ಎಂಬುದನ್ನೂ ಆಯೋಜಕರಿಂದ ಕೇಳಿ ಪಡೆದು ಪ್ರಕಟಿಸಬೇಕು. ಅವರು ಕೊಡದೆ ಹೋದರೆ, ಕೇಳಿದರೂ ಕೊಡಲಿಲ್ಲವೆಂದು ಅಲ್ಲಿಯೇ ಅಚ್ಚುಹಾಕಬೇಕು. ಹೋಗಬೇಕೋ ಬೇಡವೋ ಎಂದು ಯೋಚಿಸುತ್ತಿರುವ ನನ್ನಂಥವರಿಗೆ ಆ ಒಂದು ಸಾಲೂ ಉಪಯೋಗಕ್ಕೆ ಬರುತ್ತದೆ.

ಇಂತಿ ತಮ್ಮ ವಿಶ್ವಾಸಿ,
ನಿಮ್ಮ ಪತ್ರಿಕೆಯ ಓದುಗರಲ್ಲಿ ಒಬ್ಬಳು